ತೆನೆ ಹಬ್ಬದ ಪಾಠ

ಕರಾವಳಿಯ ಕಥೋಲಿಕರಿಗೆ ಸೆಪ್ಟೆಂಬರ್ 8 ಕನ್ಯಾಮರಿಯಮ್ಮನವರ ಜನ್ಮದಿನ; ಅದೇ ಮೋಂತಿ ಹಬ್ಬ, ತೆನೆ ಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಇಗರ್ಜಿಗೆ ಹೂವು ಒಯ್ದು ಅರ್ಪಿಸುವರು; ಹಬ್ಬದಂದು ಆಶೀರ್ವದಿಸಿದ ಹೊಸ ಭತ್ತದ ಕಾಳನ್ನು ಪುಡಿಮಾಡಿ, ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಸೇವಿಸುವರು.

ನಾನು ಐದನೆಯ ತರಗತಿಯಲ್ಲಿದ್ದ ವರ್ಷ ನೆರೆ ಬಂದು ನಮ್ಮ ಗೇಣಿಯ ಗದ್ದೆಯ ಪೈರು ಕೊಳೆತುಹೋಯಿತು. "ಬೆಳೆಯೇ ಇಲ್ಲದವರಿಗೆ ಎಂಥ ಹಬ್ಬ?" ಎಂದು ಅಪ್ಪ ಇಗರ್ಜಿಗೆ ಹೊರಡಲೊಪ್ಪಲಿಲ್ಲ. ಪಕ್ಕದ ಮನೆಯ ಬಂಟರ ಅಜ್ಜಿ ತಮ್ಮ ಮೇಲಿನ ಗದ್ದೆಯ ತೆನೆಗಳನ್ನು ತಂದು ಅಮ್ಮನ ಕೈಗಿತ್ತು, "ಹಬ್ಬ ನಿಲ್ಲಿಸಬೇಡ ಮಗಳೇ" ಎಂದರು. ಅಂದು ಮಧ್ಯಾಹ್ನ ಆ ಹಾಲನ್ನು ಅಪ್ಪನೂ ಮೌನವಾಗಿ ಕುಡಿದರು.

ಮಡದಿ ತೀರಿಕೊಂಡ ವರ್ಷ ನನಗೂ ಪ್ರಾರ್ಥನೆ ನಾಲಗೆಗೆ ಬರಲಿಲ್ಲ. ಆದರೂ ಮಕ್ಕಳೇ, ಬರಿಗೈಯವನೂ ದೇವರ ಮುಂದೆ ನಿಲ್ಲಬಹುದೆಂದು ಆ ತೆನೆಗಳಿಂದ ಕಲಿತಿದ್ದೆ. ಹಾಗಾಗಿ ಇಗರ್ಜಿಗೆ ಹೋಗುವುದನ್ನು ಬಿಡಲಿಲ್ಲ.