ಯಾವ ನಂಜುಂಡ?

ನಮ್ಮನೆ ನಂಜನಗೂಡು, ಅಜ್ಜಿ ಮನೆ ಟಿ. ನರಸೀಪುರ. ಅಮ್ಮನೂ ದೊಡ್ಡಮ್ಮನೂ ಒಂದೇ ದೇವರಿಗೆ ಹರಕೆ ಹೊತ್ತಿದ್ದರಿಂದ ನಾನೂ ನಂಜುಂಡ, ದೊಡ್ಡಮ್ಮನ ಮಗನೂ ನಂಜುಂಡ. ರಜೆಯಲ್ಲಿ ಅಜ್ಜಿ ತಿಂಡಿಗೆ ಕೂಗಿದರೆ ಇಬ್ಬರೂ ಓಡುತ್ತಿದ್ದೆವು. ಬಯ್ಯೋಕೆ ಕೂಗಿದರೆ ಇಬ್ಬರೂ ನಾಪತ್ತೆ! ಒಂದು ಸಲ ಅವನ ಜ್ವರದ ಔಷಧಿ ನನಗೆ ಕುಡಿಸಿಬಿಟ್ಟರು. ಅವತ್ತಿಂದ ಅವನು ಬನ್ನೂರು ನಂಜುಂಡ, ನಾನು ನಂಜನಗೂಡು ನಂಜುಂಡ.

ಅಜ್ಜಿಯ ಊರಿಗೂ ಇದೇ ಪಾಡು. ಬರೀ ನರಸೀಪುರ ಅಂದರೆ ಹಾಸನದ ಕಡೆಯವರಿಗೆ ಹೊಳೆನರಸೀಪುರ. ಹಾಗಾಗಿ ನಮ್ಮದು ತಿರುಮಕೂಡಲನ್ನು ಮುಂದೆ ಇಟ್ಟುಕೊಂಡೇ ಓಡಾಡುತ್ತೆ.

ಇಷ್ಟೆಲ್ಲ ಮನೆಯಲ್ಲೇ ಕಲಿತಿದ್ದರೂ ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಎಡವಿದ್ದು ಇಲ್ಲೇ.

ನಾನು ಆರ್‌ಪಿಜಿಯಲ್ಲಿ ಪ್ರೋಗ್ರಾಂ ಬರೆಯುತ್ತೇನೆ. ಗೇಮ್ ಅಲ್ಲ, ರಾಕೆಟ್ಟೂ ಅಲ್ಲ. ಐಬಿಎಂನವರ 1959ರ ಭಾಷೆ. ಹೆಣ್ಣು ನೋಡೋಕೆ ಹೋದ ಕಡೆಯೂ ಇದನ್ನು ವಿವರಿಸಿದ್ದೇನೆ. ನನ್ನ ಪ್ರೋಗ್ರಾಂ ಆರ್ಡರ್ ಫೈಲ್ ಓದಬೇಕು, ಕಸ್ಟಮರ್ ಫೈಲಿನಿಂದ ಹೆಸರು ತರಬೇಕು, ಆರ್ಡರಿನ ಸ್ಟೇಟಸ್ 'ಎಚ್' ಇದ್ದರೆ, ಅಂದರೆ ತಡೆಹಿಡಿದಿದ್ದರೆ, ಬಿಲ್ ಮಾಡದೆ ಬಿಡಬೇಕು. ಎರಡೂ ಫೈಲಿನಲ್ಲಿ STATUS ಅನ್ನೋ ಫೀಲ್ಡ್ ಇತ್ತು. ಆರ್‌ಪಿಜಿಯಲ್ಲಿ ಹೀಗೆ ಒಂದೇ ಹೆಸರಿದ್ದರೆ ಎರಡಕ್ಕೂ ಮೆಮೊರಿಯಲ್ಲಿ ಒಂದೇ ಜಾಗ. ಕಸ್ಟಮರ್ ಓದಿದ ಕೂಡಲೇ ಆರ್ಡರಿನ 'ಎಚ್' ಅಳಿಸಿಹೋಗಿ ಕಸ್ಟಮರಿನ 'ಎ' ಬಂದು ಕೂತಿತು. ಅಳತೆ, ಟೈಪ್ ಬೇರೆ ಆಗಿದ್ದರೆ ಕಂಪೈಲರ್ ತಡೆಯುತ್ತಿತ್ತು. ಎರಡೂ ಒಂದೇ ಥರ ಇದ್ದವು, ಅದು ಸುಮ್ಮನಿತ್ತು. ಟೆಸ್ಟ್ ಮಾಡಿದ ಕಸ್ಟಮರಿನ ಸ್ಟೇಟಸ್ಸೂ 'ಎಚ್' ಆಗಿದ್ದು ನನ್ನ ಗ್ರಹಚಾರ.

ತಿಂಗಳ ಕೊನೆಯಲ್ಲಿ, ಕಳಿಸದೇ ಇದ್ದ ಮಾಲಿಗೆ ಬಿಲ್ ಹೋಯಿತು. ಫೋನಿನ ಮೇಲೆ ಫೋನು. ಎರಡು ರಾತ್ರಿ ಕೂತು ಬಿಲ್ ವಾಪಸ್ ಮಾಡಿದೆವು. ಎಜುಕೇಶನ್ ಲೋನಿನ ಕಂತು ಇನ್ನೂ ನಡೀತಿತ್ತು, ಕೆಲಸ ಹೋಯ್ತು ಅಂತಲೇ ಅಂದುಕೊಂಡಿದ್ದೆ. ಹಿರಿಯ ಮೇಡಂ ಒಬ್ಬರು ಕೋಡ್ ತೆಗೆದು ಕೇಳಿದ್ದು ಒಂದೇ ಮಾತು: "ಏನಪ್ಪಾ, ಯಾವ ಸ್ಟೇಟಸ್ ಇದು? ಆರ್ಡರ್‌ದಾ, ಕಸ್ಟಮರ್‌ದಾ?"

ಅವರ ಕಾಲದಲ್ಲಿ ಆರ್‌ಪಿಜಿ ಮೂರರ ಹೆಸರುಗಳಿಗೆ ಆರೇ ಅಕ್ಷರ. ಅದರಲ್ಲೇ ಎರಡನ್ನು ಗುರುತಿಗೆ ಅಂತ ಮುಂದೆ ಸೇರಿಸುತ್ತಿದ್ದರಂತೆ. ಪ್ರಿಫಿಕ್ಸ್ ಅನ್ನೋ ಕೀವರ್ಡ್ ಈಗ ಆ ಕೆಲಸ ಮಾಡುತ್ತೆ. ನನಗೆ ಹಿಡಿಸಿದ್ದು ಕ್ವಾಲಿಫೈಡ್: ಡೇಟಾ ಸ್ಟ್ರಕ್ಚರಿಗೆ ಅದನ್ನು ಹಾಕಿದರೆ ORDER.STATUS, CUST.STATUS ಅಂತ ಪೂರ್ತಿ ವಿಳಾಸ ಹೇಳಿಯೇ ಕರೆಯಬೇಕು. ಆದರೆ ಓದುವ ಸಾಲಿನಲ್ಲಿ ಆ ಸ್ಟ್ರಕ್ಚರಿನ ಹೆಸರು ಕೊಡೋದು ಮರೆತರೆ ಅದು ತುಂಬೋದೇ ಇಲ್ಲ. ಇದಕ್ಕೂ ನಾನು ಒಂದು ಮಧ್ಯಾಹ್ನ ಕಳೆದಿದ್ದೇನೆ.

ಕೆಲಸ ಉಳಿಯಿತು. ಮೇಡಂ ನಿವೃತ್ತರಾದರು, ಹೊಸ ಹುಡುಗರ ಕೋಡ್ ಈಗ ನನ್ನ ಹತ್ತಿರ ಬರುತ್ತೆ. ಹೋದ ವಾರ ರಿವ್ಯೂ ಮಾಡುತ್ತಾ ಕೂತಿದ್ದಾಗ ಅಜ್ಜಿಗೆ ಫೋನ್ ಮಾಡಿ, "ಅಜ್ಜೀ, ನಾನು ನಂಜುಂಡ" ಅಂದೆ.

"ಯಾವ ನಂಜುಂಡ ಮಗಾ?"