ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ

ಬಿಸಿಲಿಗೆ ಹೆಸರಾದ ವಿಜಯಪುರ ಜಿಲ್ಲೆಯಲ್ಲಿ ಚಳಿಯೂ ಉಂಟೆಂದರೆ ಹೊರಗಿನವರು ನಂಬುವುದು ಕಷ್ಟ. ಆದರೆ ದೀಪಾವಳಿ ಕಳೆದು ಮೂಡಗಾಳಿ ಬೀಸತೊಡಗಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಜನ ಕಂಬಳಿ, ಕೌದಿಗಳನ್ನು ಹೊರತೆಗೆಯುತ್ತಾರೆ. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಸವಳು ನೀರಿನ ಡೋಣಿ ಹೊಳೆ. ಉಳಿದುದೆಲ್ಲ ಕಣ್ಣು ಹಾಯುವಷ್ಟು ದೂರ ಕಪ್ಪು ಮಣ್ಣಿನ ಬಯಲು. ಗಾಳಿಯನ್ನು ತಡೆಯಲು ಗುಡ್ಡವಿಲ್ಲ, ಕಾಡಿಲ್ಲ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಉಷ್ಣಾಂಶವು 10 ಡಿಗ್ರಿಯ ಆಸುಪಾಸಿಗೆ ಇಳಿಯುವುದುಂಟು. ಆ ಒಣ ಚಳಿಗೆ ತುಟಿ ಒಡೆಯುತ್ತದೆ, ಹಿಮ್ಮಡಿ ಸೀಳುತ್ತದೆ. ಮೈ ಜಿಡ್ಡನ್ನು ಬೇಡುತ್ತದೆ. ಈ ಬೇಡಿಕೆಗೆ ಇಲ್ಲಿಯ ಹೆಣ್ಣುಮಕ್ಕಳು ತಲೆತಲಾಂತರದಿಂದ ಕೊಟ್ಟುಕೊಂಡು ಬಂದ ಉತ್ತರವೇ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ.

ಚಳಿಗಾಲಕ್ಕೆಂದು ವಿಶೇಷವಾದ ತಿನಿಸನ್ನು ಸುಟ್ಟಿಡುವ ಪದ್ಧತಿ ಜಗತ್ತಿನ ಅನೇಕ ಕಡೆಗಳಲ್ಲಿದೆ. ಯುರೋಪಿನ ಶೀತದೇಶಗಳಲ್ಲಿ ಕ್ರಿಸ್‌ಮಸ್ ಸಮೀಪಿಸಿದಾಗ ಗೋಧಿಹಿಟ್ಟಿಗೆ ಬೆಣ್ಣೆ, ಸಕ್ಕರೆಗಳನ್ನು ಸೇರಿಸಿ, ಶುಂಠಿ, ಲವಂಗ, ದಾಲ್ಚಿನ್ನಿಗಳನ್ನು ಬೆರೆಸಿ ಬಿಸ್ಕತ್ತುಗಳನ್ನು ಸುಡುತ್ತಾರೆ. ಡಬ್ಬಿಗಳಲ್ಲಿ ತುಂಬಿ ನೆರೆಹೊರೆಯವರಿಗೆ ಹಂಚುತ್ತಾರೆ. ಹಿಟ್ಟು, ಜಿಡ್ಡು, ಮಸಾಲೆ, ಬೆಂಕಿ, ಹಂಚಿಕೆ. ಈ ಐದೂ ವಿಜಯಪುರದ ಸೀಮೆಯಲ್ಲಿಯೂ ಉಂಟು. ಅಲ್ಲಿ ಗೂಡೊಲೆ, ಇಲ್ಲಿ ಮೂರು ಕಲ್ಲಿನ ಒಲೆ; ಅಲ್ಲಿ ಗೋಧಿ, ಇಲ್ಲಿ ಸಜ್ಜೆ; ಅಲ್ಲಿ ಬೆಣ್ಣೆಯನ್ನು ಹಿಟ್ಟಿನೊಳಗೆ ಕಲೆಸುತ್ತಾರೆ, ಇಲ್ಲಿ ರೊಟ್ಟಿಯ ಮೇಲೆ ಇಡುತ್ತಾರೆ. ಅಷ್ಟೇ ವ್ಯತ್ಯಾಸ.

ಸಜ್ಜೆಯ ಮೂಲಸ್ಥಾನ ಪಶ್ಚಿಮ ಆಫ್ರಿಕದ ಒಣಭೂಮಿ. ಸುಮಾರು 4,500 ವರ್ಷಗಳ ಹಿಂದೆಯೇ ಅಲ್ಲಿಯ ಜನ ಇದನ್ನು ಬೆಳೆಯುತ್ತಿದ್ದರೆಂಬುದಕ್ಕೆ ಪುರಾವೆಗಳು ದೊರೆತಿವೆ. ಅನಂತರ ಅದು ಭಾರತಕ್ಕೆ ಬಂದು ಇಲ್ಲಿಯದೇ ಆಯಿತು. ಮುಂಗಾರಿನ ಮೊದಲ ಮಳೆಗಳಿಗೆ ಬಿತ್ತಿದ ಸಜ್ಜೆ ಮೂರು ತಿಂಗಳೊಳಗಾಗಿ ಕೈಗೆ ಬರುತ್ತದೆ. ಬಿಳಿಜೋಳದ ಕ್ರಮ ಬೇರೆ. ಅದನ್ನು ಹಿಂಗಾರಿಗೆ ಬಿತ್ತುತ್ತಾರೆ. ಚಳಿಗಾಲದಲ್ಲಿ ಅದಿನ್ನೂ ಹೊಲದಲ್ಲಿ ನಿಂತಿರುತ್ತದೆ. ಹಳೆಯ ಜೋಳ ತಳ ಕಾಣುವ, ಹೊಸ ಜೋಳ ಇನ್ನೂ ಬಾರದ ಈ ತಿಂಗಳುಗಳಲ್ಲಿ ಮನೆಯಲ್ಲಿರುವ ಹೊಸ ಕಾಳೆಂದರೆ ಸಜ್ಜೆಯೇ. ಆದುದರಿಂದ ಚಳಿಗಾಲದಲ್ಲಿ ಸಜ್ಜೆಯನ್ನು ತಿನ್ನುವುದು ನಾಲಗೆಯ ಚಪಲವಷ್ಟೇ ಅಲ್ಲ. ಮಳೆಯ ಲೆಕ್ಕವೂ ಅದರಲ್ಲಿದೆ.

ದೇಹದ ಲೆಕ್ಕವೂ ಉಂಟು. ನೂರು ಗ್ರಾಂ ಸಜ್ಜೆಯಲ್ಲಿ ಸುಮಾರು 5 ಗ್ರಾಂ ಕೊಬ್ಬು ಇರುತ್ತದೆ. ಜೋಳದಲ್ಲಿ 2 ಗ್ರಾಮಿಗಿಂತಲೂ ಕಡಿಮೆ. ಕಬ್ಬಿಣದ ಅಂಶ 6 ಮಿಲಿಗ್ರಾಂನಷ್ಟಿದೆ. ಮೇಲೆ ಹಚ್ಚುವ ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಎಣ್ಣೆಯೇ. ಸಜ್ಜೆ, ಎಳ್ಳುಗಳೆರಡೂ ಮೈಗೆ ಕಾವು ಕೊಡುತ್ತವೆಂದು ಹಿರಿಯರು ಹೇಳುತ್ತಾರೆ. ಬೇಸಗೆಯಲ್ಲಿ ಅವನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆದರೆ ಈ ಜಿಡ್ಡೇ ಸಜ್ಜೆಯ ದೋಷವೂ ಹೌದು. ಬೀಸಿದ ಹಿಟ್ಟನ್ನು ಬಹಳ ದಿನ ಇಡಲಾಗದು. ಅದರೊಳಗಿನ ಕೊಬ್ಬು ಒಡೆದು ಹಿಟ್ಟು ಕಹಿಯಾಗುತ್ತದೆ. ಆದುದರಿಂದ ಬೇಕಾದಷ್ಟನ್ನೇ ಆಗಾಗ ಬೀಸಿಕೊಳ್ಳುತ್ತಾರೆ. ಬೆಂಕಿ ಕಂಡ ಮೇಲೆ ಈ ಕೆಡುಕು ಬಹಳಮಟ್ಟಿಗೆ ನಿಲ್ಲುತ್ತದೆ. ಹಿಟ್ಟಾಗಿ ಬಾಳದುದು ಕಟಕ ರೊಟ್ಟಿಯಾಗಿ ವಾರಗಟ್ಟಲೆ ಬಾಳುತ್ತದೆ.

ಸಿಂದಗಿ ತಾಲೂಕಿನ ಒಂದು ಹಳ್ಳಿಯ ಮನೆ. ಎಪ್ಪತ್ತು ದಾಟಿದ ಆಯಿ, ಪ್ರೌಢಶಾಲೆಯಲ್ಲಿ ಓದುವ ಮೊಮ್ಮಗಳು ಇವರಿಬ್ಬರೇ ಈಗ ಆ ಮನೆಯಲ್ಲಿದ್ದಾರೆ. ಹುಡುಗಿಯ ತಂದೆತಾಯಿಗಳು ಕಬ್ಬು ಕಡಿಯಲು ಮಹಾರಾಷ್ಟ್ರದ ಕಡೆಗೆ ಗುಳೆ ಹೋಗಿದ್ದಾರೆ. ಈ ನಾಲ್ಕು ತಾಲೂಕುಗಳಿಗೆ ಇದು ಹೊಸ ಮಾತಲ್ಲ. ಮಳೆ ಕೈಕೊಟ್ಟ ವರ್ಷ ಕೆಲವರು ಗೋವೆಗೆ, ಕೆಲವರು ಪುಣೆ, ಮುಂಬಯಿಗಳಿಗೆ ಹೋಗುತ್ತಾರೆ. ದುಡಿಮೆ ಮುಗಿದೊಡನೆ ಮರಳಿ ಬರುತ್ತಾರೆ. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರಲ್ಲಿ ಅಡಿಗಲ್ಲಿಟ್ಟರು. 2006ರಲ್ಲಿ ಅದು ಲೋಕಾರ್ಪಣೆಗೊಂಡಿತು. ಕಾಲುವೆ ಹರಿದ ಕಡೆ ಕಬ್ಬು, ಹತ್ತಿ ಬಂದಿವೆ. ಅಂಥಲ್ಲಿ ಸಜ್ಜೆಯ ಹೊಲ ಕಿರಿದಾಗಿದೆ. ನೀರು ಏರದ ಎರೆ ಹೊಲಗಳು ಇಂದಿಗೂ ಮೋಡವನ್ನೇ ನೋಡುತ್ತವೆ.

ಗುಳೆ ಹೋಗುವವರ ಗಂಟಿನಲ್ಲಿ ಮೊದಲು ಸೇರುವುದು ಕಟಕ ರೊಟ್ಟಿ. ಹೋದ ಊರಿನಲ್ಲಿ ಒಲೆ ಹೂಡುವ ತನಕ, ಕೂಲಿಯ ಹಣ ಕೈಗೆ ಬರುವ ತನಕ ಅದೇ ಆಧಾರ. ಪ್ರತಿ ವರ್ಷ ಭೋಗಿಯ ಹೊತ್ತಿಗೆ ಊರಿನಿಂದ ಇನ್ನೊಂದು ಗಂಟು ಹೋಗುವುದು ಆ ಮನೆಯ ರೂಢಿ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಬೆಣ್ಣೆ. ಆದರೆ ಈ ವರ್ಷ ಆಯಿಯ ಮಣಿಕಟ್ಟು ಬಾತಿದೆ. 1972ರ ಬರದಲ್ಲಿ ಸರಕಾರ ತೆರೆದ ಕಾಮಗಾರಿಯಲ್ಲಿ ಹಗಲೆಲ್ಲ ಕಲ್ಲು ಒಡೆದು, ರಾತ್ರಿ ರೊಟ್ಟಿ ಬಡಿದ ಕೈ ಅದು. ಈಗ ಒಂದು ರೊಟ್ಟಿ ಬಡಿಯುವುದರೊಳಗೆ ನೋವು ಮೊಳಕೈಗೆ ಏರುತ್ತದೆ.

ತಾಯಿ ಹೊರಡುವಾಗ ಮಗಳಿಗೆ ಒಂದೇ ಮಾತು ಹೇಳಿದ್ದಳು: "ಏನರ ಆಗಲಿ, ಸಾಲಿ ಬಿಡಬ್ಯಾಡ." ಗುಳೆ ಹೋಗುವ ಮನೆಗಳಲ್ಲಿ ಹೆಣ್ಣುಮಕ್ಕಳ ಓದು ಒಲೆಯ ಮುಂದೆಯೇ ಮುಗಿಯುವುದನ್ನು ಅವಳು ಕಂಡಿದ್ದಳು. ಅವಳ ಓದೂ ಹಾಗೆಯೇ ಮುಗಿದಿತ್ತು. ಆಯಿಗೂ ಇದು ಗೊತ್ತು. ಆದುದರಿಂದ ಅವಳು ಮೊಮ್ಮಗಳನ್ನು ರೊಟ್ಟಿ ಬಡಿಯೆಂದು ಕರೆದವಳೇ ಅಲ್ಲ. ಈ ವರ್ಷ ಗಂಟು ಕಳಿಸುವುದು ಬೇಡವೆಂದು ತನ್ನಷ್ಟಕ್ಕೆ ತೀರ್ಮಾನಿಸಿ ಸಜ್ಜೆಯ ಚೀಲಕ್ಕೆ ಗಂಟು ಹಾಕಿಬಿಟ್ಟಿದ್ದಳು. ಆ ಗಂಟನ್ನು ಬಿಚ್ಚಿದವಳು ಹುಡುಗಿಯೇ. ಒಂದು ಸಂಜೆ ಶಾಲೆಯಿಂದ ಬಂದು, ಕಾಳನ್ನು ಮರದಲ್ಲಿ ಹಸನು ಮಾಡಿ, ಗಿರಣಿಗೆ ಹೋಗಿ ಬೀಸಿಕೊಂಡು ಬಂದಳು. ಹಿಟ್ಟು ಇನ್ನೂ ಬೆಚ್ಚಗಿತ್ತು.

ಮರುದಿನ ನಸುಕಿನಲ್ಲಿ ಒಲೆ ಹೊತ್ತಿತು. ಪಾತ್ರೆಯಲ್ಲಿ ಎಸರು ಕುದಿಯತೊಡಗಿತು. ಸಜ್ಜೆಯ ಹಿಟ್ಟಿಗೆ ಗೋಧಿಹಿಟ್ಟಿನಂತೆ ಜಿಗುಟಿಲ್ಲ. ತಣ್ಣೀರಿನಲ್ಲಿ ಕಲೆಸಿದರೆ ಅದು ಉದುರಿ ಹೋಗುತ್ತದೆ. ಕುದಿಯುವ ನೀರನ್ನು ಸುರಿದಾಗ ಹಿಟ್ಟಿನೊಳಗಿನ ಪಿಷ್ಟ ಬೆಂದು ಅಂಟಾಗುತ್ತದೆ. ಆ ಅಂಟೇ ರೊಟ್ಟಿಯನ್ನು ಹಿಡಿದು ನಿಲ್ಲಿಸುತ್ತದೆ. ಆಯಿಗೆ ಪಿಷ್ಟದ ಹೆಸರು ತಿಳಿಯದು. ಆದರೆ ಎಸರು ಕಡಿಮೆಯಾದರೆ ಅಂಚು ಸೀಳುವುದೆಂದೂ, ಹೆಚ್ಚಾದರೆ ಹಿಟ್ಟು ಕೈಗೆ ಮೆತ್ತುವುದೆಂದೂ ಅವಳಿಗೆ ಗೊತ್ತು. ಸ್ವಲ್ಪ ಉಪ್ಪು, ಅಂಗೈಯಲ್ಲಿ ತಿಕ್ಕಿದ ಜೀರಿಗೆ, ಅಜಿವಾನಗಳನ್ನು ಹಿಟ್ಟಿಗೆ ಬೆರೆಸಿದರು. ಹಿಟ್ಟು ಬಿಸಿಯಿರುವಾಗಲೇ ನಾದಬೇಕು. ಹುಡುಗಿಯ ಅಂಗೈ ಕೆಂಪಾಯಿತು.

ಮೊದಲ ರೊಟ್ಟಿ ಅಂಗೈಯಗಲವಾಗುವಷ್ಟರಲ್ಲಿ ಸೀಳಿತು. ಎರಡನೆಯದನ್ನು ಎತ್ತುವಾಗ ನಡುವೆ ಹರಿಯಿತು.

"ಆಯಿ, ಇದೂ ಹರೀತು."

"ಹರದರ ಹರೀಲಿ ತಂಗಿ, ಮಾಲದಿಗೆ ಆಗತೈತಿ. ಮುಂದಿಂದು ಬಡಿ. ಅವಸರ ಮಾಡಬ್ಯಾಡ. ಬೆರಳ ನಡುವ ಬ್ಯಾಡ, ಅಂಚಿಗೆ ಇರಲಿ."

ರೊಟ್ಟಿ ಬಡಿಯುವುದೆಂದರೆ ಬರಿಯ ಬಲವಲ್ಲ. ಒಂದು ಕೈ ತಟ್ಟುತ್ತಿರುವಾಗ ಇನ್ನೊಂದು ಕೈ ಅಂಚನ್ನು ಕಾಯುತ್ತದೆ. ರೊಟ್ಟಿ ತಾನಾಗಿಯೇ ಸುತ್ತು ತಿರುಗುತ್ತ ಅಗಲವಾಗುತ್ತದೆ. ಬೆಳಗಿನ ಹೊತ್ತು ಈ ಸೀಮೆಯ ಯಾವ ಓಣಿಯಲ್ಲಿ ನಡೆದರೂ ಆ ಸಪ್ಪಳ ಕಿವಿಗೆ ಬೀಳುತ್ತದೆ. ರೊಟ್ಟಿ ತೆಳುವಾದ ಮೇಲೆ ಎಳ್ಳನ್ನು ಉದುರಿಸಿ, ಅದು ಕಚ್ಚಿಕೊಳ್ಳುವಂತೆ ಮತ್ತೊಮ್ಮೆ ಮೆಲ್ಲಗೆ ತಟ್ಟಬೇಕು. ಕಾದ ಹಂಚಿನ ಮೇಲೆ ಹಾಕಿ, ನೀರಿನಲ್ಲಿ ಅದ್ದಿದ ಅರಿವೆಯಿಂದ ಮೇಲ್ಮೈಯನ್ನು ಸವರಬೇಕು. ನೀರು ಆರಿದೊಡನೆ ಮಗುಚಬೇಕು. ಎಳ್ಳು ಚಟಪಟ ಸಿಡಿದು ಕಂಪು ಬಿಡುತ್ತದೆ. ಅನಂತರ ಒಲೆಯ ಕಲ್ಲಿಗೆ ಒರಗಿಸಿಟ್ಟರೆ ಕೆಂಡದ ಸೌಮ್ಯವಾದ ಕಾವಿಗೆ ಉಳಿದ ತೇವವೂ ಆರಿ, ರೊಟ್ಟಿ ಹಪ್ಪಳದಂತೆ ಗರಿಗರಿಯಾಗುತ್ತದೆ. ಅದೇ ಕಟಕ ರೊಟ್ಟಿ.

ಆ ದಿನ ಹುಡುಗಿ ಹತ್ತು ರೊಟ್ಟಿ ಬಡಿದಳು. ಕೈಗೆ ಬಂದವು ನಾಲ್ಕು. ಶಾಲೆಯ ಹೊತ್ತಾದೊಡನೆ ಆಯಿಯೇ ಹಂಚನ್ನು ಇಳಿಸಿ, "ಏಳು, ಸಾಲಿಗೆ ಹೊತ್ತಾತು" ಎಂದಳು. ಹುಡುಗಿ ಹೋದ ಮೇಲೆ ಹರಿದ ಆರನ್ನೂ ಒರಳಿನಲ್ಲಿ ಕುಟ್ಟಿ, ಬೆಲ್ಲ, ತುಪ್ಪ, ಒಣಶುಂಠಿ, ಏಲಕ್ಕಿಗಳನ್ನು ಬೆರೆಸಿ, ಕೊಬ್ಬರಿ ತುರಿ, ಪುಟಾಣಿಗಳನ್ನು ಸೇರಿಸಿ ಮಾಲದಿ ಮಾಡಿದಳು. ಸಂಜೆ ಅದನ್ನು ತಿಂದ ಹುಡುಗಿಗೆ ಬೆಳಗಿನ ಸೋಲು ಸಿಹಿಯಾಯಿತು. ಕೆಟ್ಟುದನ್ನು ಎಸೆಯದೆ ಇನ್ನೊಂದನ್ನಾಗಿ ಮಾಡುವುದು ಬರಗಾಲ ಕಂಡ ನಾಡಿನ ಅಡುಗೆಯ ಮೊದಲ ಪಾಠ.

ಅಂದಿನಿಂದ ದಿನವೂ ನಸುಕಿನಲ್ಲಿ ಒಂದು ತಾಸು ಒಲೆಯ ಮುಂದೆ, ಬಳಿಕ ಶಾಲೆ ಎಂಬುದು ಮೊಮ್ಮಗಳ ನಿಯಮವಾಯಿತು. ಎಳ್ಳ ಅಮಾವಾಸ್ಯೆ ಬಂತು. ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಗಳಿಗೆ ಹೋದರು. ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ನಿಂತ ಜೋಳದ ನಡುವೆ ಚರಗ ಚೆಲ್ಲಿದರು. ಭೂಮಿಗೆ ಮೊದಲು ಉಣಿಸಿ ಆಮೇಲೆ ತಾವು ಉಣ್ಣುವ ಹಬ್ಬವದು. ಆ ದಿನದ ಬುತ್ತಿಯಲ್ಲಿ ಹುಡುಗಿ ಬಡಿದ ರೊಟ್ಟಿ ಇತ್ತು. ಅದರ ಮೇಲೆ ಬದನೆಕಾಯಿಯ ಎಣ್ಣೆಗಾಯಿ, ಪಕ್ಕದಲ್ಲಿ ಇಂಡಿಯ ಕಡೆಯ ನಿಂಬೆಯ ಉಪ್ಪಿನಕಾಯಿ.

ಇಂಥ ರೊಟ್ಟಿಗೆ ಇಂದು ಪೇಟೆಯಲ್ಲಿ ಬೆಲೆ ಬಂದಿದೆ. ಉತ್ತರ ಕರ್ನಾಟಕದ ಪಟ್ಟಣಗಳಲ್ಲಿ ಮಹಿಳೆಯರು ಗುಂಪು ಕಟ್ಟಿಕೊಂಡು ಕಟಕ ರೊಟ್ಟಿ ಮಾಡಿ ಮಾರುತ್ತಾರೆ. ಬೆಂಗಳೂರಿನ ಅಂಗಡಿಗಳಲ್ಲಿಯೂ ಅದು ಸಿಗುತ್ತದೆ. ವಿಶ್ವಸಂಸ್ಥೆಯು ಭಾರತದ ಸೂಚನೆಯ ಮೇರೆಗೆ 2023ನ್ನು ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಬಡವರ ಕಾಳೆಂದು ಬದಿಗೆ ಸರಿದಿದ್ದ ಸಜ್ಜೆಗೆ ಸಿರಿಯ ಹೆಸರು ಬಂದುದು ಸಂತೋಷವೇ. ಆದರೆ ರೊಟ್ಟಿಯ ಬೆಲೆಯನ್ನು ಲೆಕ್ಕ ಹಾಕುವಾಗ ಕಾಳು, ಕಟ್ಟಿಗೆ, ಗಿರಣಿಯ ಕೂಲಿ ಇಷ್ಟನ್ನೇ ಎಣಿಸಿದರೆ ಸಾಲದು. ಹೊಗೆಯ ಮುಂದೆ ಕುಳಿತ ಕಣ್ಣು, ಬಾತ ಮಣಿಕಟ್ಟು, ಅರ್ಧಕ್ಕೆ ನಿಂತ ಓದು ಇವೂ ಅದರೊಳಗಿವೆ. ಅವನ್ನು ಎಣಿಸುವವರು ವಿರಳ.

ಭೋಗಿಗೆ ಮೂರು ದಿನವಿರುವಾಗ ಊರಿನ ಒಬ್ಬರು ಕಬ್ಬಿನ ಗದ್ದೆಯ ಕಡೆಗೆ ಹೊರಟಿದ್ದರು. ಬಿಳಿಯ ಅರಿವೆಯಲ್ಲಿ ಕಟ್ಟಿದ ನಲವತ್ತು ರೊಟ್ಟಿಗಳ ಗಂಟು, ಎರಡು ಬಗೆಯ ಚಟ್ನಿಪುಡಿ, ಬೆಣ್ಣೆಯ ಡಬ್ಬಿ ಅವರ ಕೈ ಸೇರಿದವು. ಭೋಗಿಯ ದಿನ ಆಯಿ ಐದು ಮನೆಗಳಿಗೆ ರೊಟ್ಟಿ, ಪಲ್ಯ ಕೊಟ್ಟು ಬಂದಳು. ಆ ಮನೆಗಳಿಂದಲೂ ರೊಟ್ಟಿ ಬಂದವು. ಹುಡುಗಿ ಒಂದೊಂದನ್ನೂ ಬೆಳಕಿಗೆ ಹಿಡಿದು ಅಂಚುಗಳನ್ನು ನೋಡಿದಳು. ಎರಡು ತಿಂಗಳ ಹಿಂದೆ ಅವಳಿಗೆ ಎಲ್ಲ ರೊಟ್ಟಿಗಳೂ ಒಂದೇ ಆಗಿದ್ದವು.

ರಾತ್ರಿ ತಾಯಿಯ ಫೋನು ಬಂತು.

"ರೊಟ್ಟಿ ಮುಟ್ಟಿದವು. ಇದು ನಿಮ್ಮ ಆಯಿ ಕೈ ಅಲ್ಲ. ಅಂಚ ದಪ್ಪ ಅದಾವ. ಯಾರು ಬಡದಾರ?"

ಹುಡುಗಿ ಮಾತಾಡಲಿಲ್ಲ. ಪಕ್ಕದಲ್ಲಿ ಕುಳಿತಿದ್ದ ಆಯಿಯೇ ಕೂಗಿ ಹೇಳಿದಳು: "ನಿನ್ನ ಮಗಳ ಬಡದಾಳ!"

ಅತ್ತ ಕಡೆ ಸ್ವಲ್ಪ ಹೊತ್ತು ಮೌನ. ಆಮೇಲೆ ತಾಯಿ ಕೇಳಿದಳು: "ಸಾಲಿ ತಪ್ಪಿಸಿಲ್ಲಲ್ಲ?"

"ಇಲ್ಲವ್ವ. ಒಂದ ದಿನಾನೂ ತಪ್ಪಿಸಿಲ್ಲ. ನಸುಕಿನ್ಯಾಗ ಎದ್ದ ಬಡದೀನಿ."

"ಹಂಗಾರ ರುಚಿ ಅದಾವ" ಎಂದಳು ತಾಯಿ.