ಎ, ಆ್ಯನ್, ದಿ ಮತ್ತು ನಾವು

ಇಂಗ್ಲಿಷ್ ಪರೀಕ್ಷೆಯಲ್ಲಿ ಬಿಟ್ಟ ಸ್ಥಳ ತುಂಬುವಾಗ ನಮ್ಮಲ್ಲಿ ಹೆಚ್ಚಿನವರು ಅಂದಾಜಿನ ಮೇಲೆ ಬರೆಯುವುದು ಎ, ಆ್ಯನ್, ದಿ ಎಂಬ ಮೂರು ಪದಗಳನ್ನು. ಕನ್ನಡದಲ್ಲಿ ಆರ್ಟಿಕಲ್ ಇಲ್ಲ, ಉರ್ದುವಿನಲ್ಲೂ ಇಲ್ಲ, ಹಾಗಾಗಿ ಇದು ನಮಗೆ ಬರುವುದಿಲ್ಲ ಎಂದು ಗೆಳೆಯರು ಹೇಳುತ್ತಾರೆ. ಆರ್ಟಿಕಲ್ ಇಲ್ಲ ಎನ್ನುವುದು ನಿಜ. ಬರುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ.

ತುಂಗಭದ್ರಾ ಅಣೆಕಟ್ಟಿನಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿಯಲ್ಲಿ ‘ಸೇತುವೆ ಮುಳುಗಿದೆ’ ಎನ್ನುತ್ತಾರೆ. ನಮ್ಮ ಮನೆಯಲ್ಲಿ ‘ಪುಲ್ ಡೂಬ್ ಗಯಾ’ ಎನ್ನುತ್ತೇವೆ. ಯಾವ ಸೇತುವೆ ಎಂದು ಯಾರೂ ಕೇಳುವುದಿಲ್ಲ. ಗಂಗಾವತಿಗೆ ಹೋಗುವ ಸೇತುವೆ ಎಂದು ಎಲ್ಲರಿಗೂ ಗೊತ್ತು. ಹೀಗೆ ಹೇಳುವವರಿಗೂ ಕೇಳುವವರಿಗೂ ಗೊತ್ತಿರುವುದಕ್ಕೆ ಇಂಗ್ಲಿಷ್‌ನಲ್ಲಿ ‘ದಿ’ ಹಾಕುತ್ತಾರೆ: ದಿ ಬ್ರಿಡ್ಜ್. ದೂರದ ಊರಿನ ನೆಂಟರಿಗಾದರೆ ‘ನಮ್ಮೂರಲ್ಲಿ ಒಂದು ಸೇತುವೆ ಇದೆ’ ಎಂದು ಶುರು ಮಾಡುತ್ತೇವೆ. ಅದು ‘ಎ ಬ್ರಿಡ್ಜ್’. ಮುಂದಿನ ಮಾತಿನಲ್ಲಿ ‘ಆ ಸೇತುವೆ’ ಎನ್ನುತ್ತೇವೆ. ಅಲ್ಲಿಂದ ‘ದಿ’. ಇಂಗ್ಲಿಷ್‌ನಲ್ಲೂ ‘ಆ್ಯನ್’ ಹುಟ್ಟಿದ್ದು ‘ಒಂದು’ ಎಂಬ ಅರ್ಥದ ಹಳೆಯ ಪದದಿಂದ, ‘ದಿ’ ಹುಟ್ಟಿದ್ದು ‘ಆ’ ಎಂದು ತೋರಿಸುವ ಪದದಿಂದ.

ಮಕ್ತಬ್‌ನಲ್ಲಿ ಅರಬಿ ಓದಿದವರಿಗೆ ಇದು ಇನ್ನೂ ಹತ್ತಿರ. ‘ಕಿತಾಬುನ್’ ಎಂದರೆ ಒಂದು ಪುಸ್ತಕ, ‘ಅಲ್ ಕಿತಾಬ್’ ಎಂದರೆ ಗೊತ್ತಿರುವ ಆ ಪುಸ್ತಕ. ‘ಅಲ್’ ಕೂಡ ಆರ್ಟಿಕಲ್ಲೇ. ‘ಅಲ್ ಶಮ್ಸ್’ ಎಂದು ಬರೆದಿದ್ದನ್ನು ‘ಅಶ್ಶಮ್ಸ್’ ಎಂದು ಓದುತ್ತೇವೆ, ಏಕೆಂದರೆ ಮುಂದೆ ಬರುವ ಉಚ್ಚಾರ ನೋಡಬೇಕು. ಎ, ಆ್ಯನ್ ಕೂಡ ಕಿವಿಯ ಲೆಕ್ಕವೇ. ‘ಇನ್‌ವಾಯ್ಸ್’ ಸ್ವರದಿಂದ ಶುರುವಾಗುವುದರಿಂದ ಆ್ಯನ್ ಇನ್‌ವಾಯ್ಸ್, ಆದರೆ ಎ ಜಿಎಸ್‌ಟಿ ಇನ್‌ವಾಯ್ಸ್. ‘ಯುಪಿಐ’ನ ಮೊದಲ ಅಕ್ಷರ ಇಂಗ್ಲಿಷ್‌ನಲ್ಲಿ ಸ್ವರವಾದರೂ ಬಾಯಲ್ಲಿ ಬರುವುದು ‘ಯ್’. ಹಾಗಾಗಿ ಎ ಯುಪಿಐ ಪೇಮೆಂಟ್. ‘ಎಸ್‌ಎಂಎಸ್’ ಹೇಳಿನೋಡಿ, ಮೊದಲು ಬರುವುದು ‘ಎ’ ಸ್ವರ. ಹಾಗಾಗಿ ಆ್ಯನ್ ಎಸ್‌ಎಂಎಸ್.

ಕಾಮರ್ಸ್ ಓದುವ ನಮಗೆ ಇದು ಒಂದು ಅಂಕದ ಮಾತಲ್ಲ. ನಾಳೆ ಅಂಗಡಿಯ, ರೈಸ್ ಮಿಲ್ಲಿನ ಪತ್ರಗಳನ್ನು ಬರೆಯುವವರು ನಾವೇ. ‘ವಿ ರಿಸೀವ್ಡ್ ಎ ಚೆಕ್’ ಎಂದರೆ ಒಂದು ಚೆಕ್ ಬಂದಿದೆ ಎಂದಷ್ಟೇ. ‘ದಿ ಚೆಕ್’ ಎಂದರೆ ಮೊದಲೇ ಮಾತಾಗಿದ್ದ ಆ ಚೆಕ್ ಬಂದಿದೆ ಎಂದು. ಬಾಕಿ ತೀರಿತೋ ಇಲ್ಲವೋ ಎಂಬ ಜಗಳ ಈ ಒಂದು ಪದದಿಂದಲೂ ಹುಟ್ಟಬಹುದು.

ಎಲ್ಲವೂ ಇಷ್ಟರಲ್ಲೇ ಮುಗಿಯುವುದಿಲ್ಲ. ಕಂಪ್ಲಿಗೆ ‘ದಿ’ ಬೇಡ, ತುಂಗಭದ್ರಾ ನದಿಗೆ ಬೇಕು. ‘ಎ ರೈಸ್’ ಎನ್ನುವಂತಿಲ್ಲ, ‘ಎ ಬ್ಯಾಗ್ ಆಫ್ ರೈಸ್’ ಎನ್ನಬೇಕು. ಇಂಥವನ್ನು ಓದಿಯೇ ಕಲಿಯಬೇಕು. ಉಳಿದ ಕಡೆ ಪೆನ್ನು ಎತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ನಾನು ಹೇಳುತ್ತಿರುವುದು ಯಾವುದೆಂದು ಓದುವವರಿಗೆ ಗೊತ್ತೇ? ಹೆಚ್ಚಿನ ಸಲ ಉತ್ತರ ಅಲ್ಲೇ ಸಿಗುತ್ತದೆ.